ಹಳೆಯ ಗಾಡಿಯ ಹೊಸ ತಗಡು

ಹೆಸರಘಟ್ಟದಿಂದ ಬೆಂಗಳೂರಿನ ಕಡೆಗೆ ಹೋಗುವ ದಾರಿಯಲ್ಲಿ, ಸೋಲದೇವನಹಳ್ಳಿಯನ್ನು ದಾಟಿ ಚಿಕ್ಕಬಾಣಾವರವನ್ನು ಮುಟ್ಟುವುದರೊಳಗೆ, ರಸ್ತೆಯ ಎರಡು ಮಗ್ಗುಲಿಗೂ ಎಷ್ಟು ಟಿಂಕರಿಂಗ್ ಅಂಗಡಿಗಳಿವೆಯೆಂದು ಎಣಿಸುವ ಗೋಜಿಗೆ ನಾನು ಎಂದೂ ಹೋದವನಲ್ಲ. ಆದರೆ ಕಳೆದ ಆಷಾಢದಲ್ಲಿ ಅವುಗಳಲ್ಲೊಂದರ ಮುಂದಿನ ಹೊಂಗೆಯ ಮರದ ನೆರಳಿನಲ್ಲಿ, ಬೋರಲು ಹಾಕಿದ ಬ್ಯಾಟರಿ ಪೆಟ್ಟಿಗೆಯೊಂದರ ಮೇಲೆ, ಒಂಬತ್ತು ದಿನಗಳ ಕಾಲ ಬೆಳಗಿನಿಂದ ಸಂಜೆಯವರೆಗೂ ಕುಳಿತಿರಬೇಕಾದ ಪ್ರಸಂಗ ನನಗೆ ಒದಗಿತು. ನಮ್ಮ ಮನೆಯ ಪಿಕಪ್ ಗಾಡಿಗೆ ಹದಿನೇಳು ವರ್ಷ ತುಂಬಿತ್ತು. ಯಶವಂತಪುರದ ಕಚೇರಿಯಲ್ಲಿ ನೋಂದಣಿಯಾಗಿ, ಕೆಎ 04 ಎಂಬ ಅಂಕಿತವನ್ನು ಹೊತ್ತು, ಬೆಳಗಿನ ಜಾವದಲ್ಲಿ ಸೇವಂತಿಗೆಯ ಮೂಟೆಗಳನ್ನು ಮಾರುಕಟ್ಟೆಗೂ, ಹಿಂದಿರುಗುವಾಗ ಕೋಳಿಗೊಬ್ಬರವನ್ನು ತೋಟಕ್ಕೂ ಸಾಗಿಸುತ್ತ ಬಂದಿದ್ದ ಆ ಗಾಡಿಯನ್ನು ನಮ್ಮೂರಿನ ಹಿರಿಯರು ಇಂದಿಗೂ ಮಟಡೋರ್ ಎಂದೇ ಕರೆಯುತ್ತಾರೆ. ಅದು ಆ ಜಾತಿಯದಲ್ಲವೆಂದು ತಿದ್ದುವ ಉತ್ಸಾಹ ನನಗೆ ಎಂದೋ ಉಡುಗಿಹೋಗಿದೆ.

ಅಂಗಡಿಯ ಮೇಸ್ತ್ರಿಯವರು ಅರವತ್ತರ ಆಸುಪಾಸಿನವರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಲಸಿನ ಹಣ್ಣು ಕೊಳ್ಳುವವರು ಅದನ್ನು ತಟ್ಟಿ ನೋಡುವಂತೆ, ಸಣ್ಣ ಸುತ್ತಿಗೆಯೊಂದರಿಂದ ಬಾಗಿಲಿನ ಕೆಳಗಣ ಅಂಚನ್ನೂ, ಚಕ್ರದ ಮೇಲಣ ಕಮಾನನ್ನೂ, ಕಾಲಿಡುವ ಫುಟ್‌ಬೋರ್ಡನ್ನೂ ತಟ್ಟುತ್ತ ಹೋದರು. ಕೆಲವು ಕಡೆ ಠಣ್ ಎಂದಿತು. ಹಲವು ಕಡೆ ಒದ್ದೆಯ ಹಲಗೆಯನ್ನು ಬಡಿದಂತೆ ದಬ್ ಎಂದಿತು. ಒಂದು ಕಡೆ ಏನೂ ಅನ್ನದೆ ಸುತ್ತಿಗೆಯೇ ಒಳಕ್ಕಿಳಿಯಿತು.

"ಯಜಮಾನ್ರೇ, ಇಲ್ಲಿಂದ ಇಲ್ಲಿಗಂಟ ತಗಡೇ ಇಲ್ಲ. ಪುಟ್ಟಿ ನಿಂತೈತೆ. ಪೇಂಟು ಅದನ್ನ ಹಿಡ್ಕೊಂಡೈತೆ ಅಷ್ಟೆ" ಎಂದರು.

ಆ ಮಾತಿನಿಂದ ನನಗೆ ಉಂಟಾದುದು ಆಶ್ಚರ್ಯವಲ್ಲ, ಸಂಕೋಚ. ಏಕೆಂದರೆ ಆ ಪುಟ್ಟಿಯನ್ನು ಮೆತ್ತಿಸಿದವನು ನಾನೇ. ಮೂರು ವರ್ಷಗಳ ಹಿಂದೆ ಎಫ್‌ಸಿಗೆ, ಅಂದರೆ ಗಾಡಿಯ ಅರ್ಹತಾ ಪತ್ರದ ನವೀಕರಣಕ್ಕೆ, ನಾಲ್ಕು ದಿನವಿರುವಾಗ, ಬೇರೊಂದು ಕಡೆಯ ಗ್ಯಾರೇಜಿನವರು ಎರಡು ದಿನಗಳಲ್ಲಿ "ಹೊಸದರ ಹಾಗೆ" ಮಾಡಿಕೊಡುವುದಾಗಿ ಹೇಳಿದಾಗ, ಹೇಗೆ ಮಾಡುವಿರಿ ಎಂದು ಕೇಳದಿರುವ ಜಾಣತನವನ್ನು ನಾನು ತೋರಿದ್ದೆನು. ತುಕ್ಕು ತಿಂದ ತೂತುಗಳಿಗೆ ಜಾಲರಿಯ ಚೂರುಗಳನ್ನೂ ಫೈಬರಿನ ಬಟ್ಟೆಯನ್ನೂ ಒತ್ತಿ, ಅದರ ಮೇಲೆ ಬೆರಳು ದಪ್ಪ ಪುಟ್ಟಿಯನ್ನು ಬಳಿದು, ಉಜ್ಜಿ ನಯಮಾಡಿ, ಬಿಳಿಯ ಬಣ್ಣ ಹೊಡೆದು ಕೊಟ್ಟಿದ್ದರು. ಗಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಪರೀಕ್ಷಿಸಿದವರು ಬ್ರೇಕನ್ನು ನೋಡಿದರು, ದೀಪವನ್ನು ನೋಡಿದರು, ಬಣ್ಣವನ್ನೂ ನೋಡಿದರು. ಬಣ್ಣದ ಹಿಂದೆ ಕಬ್ಬಿಣವಿದೆಯೋ ಇಲ್ಲವೋ ಎಂಬ ಪ್ರಶ್ನೆ ಅವರ ಮುಂದಿದ್ದ ಕಾಗದದಲ್ಲಿ ಇದ್ದಿರಲಾರದು.

ನಮ್ಮ ಭಾಷೆಯು ತಾಮ್ರ ಹಿತ್ತಾಳೆಗಳ ಮೇಲೆ ಕೂಡುವ ಹಸಿರಿಗೆ ಕಿಲುಬು ಎಂದೂ ಕಬ್ಬಿಣದ ರೋಗಕ್ಕೆ ತುಕ್ಕು ಎಂದೂ ಬೇರೆಬೇರೆ ಹೆಸರಿಟ್ಟಿರುವುದರಲ್ಲಿ ಔಚಿತ್ಯವಿದೆ. ಕಿಲುಬು ಲೋಹಕ್ಕೆ ಅಂಟಿಕೊಂಡು ಕುಳಿತು, ಒಳಗಿನದನ್ನು ಒಂದು ಮಟ್ಟಿಗೆ ತಾನೇ ಕಾಯುತ್ತದೆ. ಹುಣಸೆಹಣ್ಣು ತಿಕ್ಕಿದರೆ ಕೆಳಗಿನ ಬಿಂದಿಗೆ ಹೊಳೆಯುತ್ತ ಹೊರಬರುತ್ತದೆ. ತುಕ್ಕಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ನೀರು, ಗಾಳಿಯಲ್ಲಿನ ಆಮ್ಲಜನಕ ಇವೆರಡೂ ಕೂಡಿ ಕಬ್ಬಿಣವನ್ನು ಮಾರ್ಪಡಿಸಿದಾಗ ಹುಟ್ಟುವ ಆ ಪದಾರ್ಥವು ಮೂಲದ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಜಾಗವನ್ನು ಬೇಡುವುದರಿಂದ, ಉಬ್ಬಿ, ಬಣ್ಣವನ್ನು ಬೊಬ್ಬೆಯಂತೆ ಮೇಲಕ್ಕೆತ್ತಿ, ಹೊಪ್ಪಳೆಯಾಗಿ ಉದುರಿ, ಮತ್ತೊಂದು ಪದರವನ್ನು ಗಾಳಿಗೆ ಒಡ್ಡುತ್ತದೆ. ಇನ್ನೊಂದು ದೃಷ್ಟಿಯಿಂದ ನೋಡಿದರೆ ಇದು ಕಬ್ಬಿಣದ ತವರಿಗೆ ಮರಳುವ ಪ್ರಯಾಣ. ಕೆಮ್ಮಣ್ಣುಗುಂಡಿಯ ಕೆಂಪು ಅದಿರನ್ನು ಭದ್ರಾವತಿಗೆ ತಂದು, 1923ರಿಂದ ಮೊದಲ್ಗೊಂಡು ಎಷ್ಟೋ ದಶಕಗಳ ಕಾಲ ಕುಲುಮೆಯಲ್ಲಿ ಕಾಯಿಸಿ, ಅದರೊಳಗಿನ ಆಮ್ಲಜನಕವನ್ನು ಬಲವಂತದಿಂದ ಬಿಡಿಸಿ ನಮ್ಮವರು ಕಬ್ಬಿಣವನ್ನು ತೆಗೆದರಷ್ಟೆ. ಹಾಗೆ ಬಿಡಿಸಿದುದನ್ನು ಮಳೆಯೂ ಗಾಳಿಯೂ ಮತ್ತೆ ಕೂಡಿಸಿ ಕೆಮ್ಮಣ್ಣನ್ನೇ ಮಾಡಿಬಿಡುತ್ತವೆ. ತುಕ್ಕು ತಡೆಯಲೆಂದು ಬಳಿಯುವ ರೆಡ್ ಆಕ್ಸೈಡಿನ ಕೆಂಪು ಕೂಡ ಅದೇ ವಸ್ತುವಿನದೆಂಬುದು ಈ ಕಥೆಯ ಒಂದು ವಿನೋದ.

ಕಬ್ಬಿಣವೆಲ್ಲ ಹೀಗೆಯೇ ಎಂದು ಹೇಳುವುದೂ ಸಲ್ಲದು. ದೆಹಲಿಯ ಲೋಹಸ್ತಂಭ ಸುಮಾರು 1,600 ವರ್ಷಗಳಿಂದ ನಿಂತಿದೆ. ಅಷ್ಟು ದೂರವೇಕೆ, ವರ್ಷದ ಅರ್ಧಭಾಗ ಮಳೆಯಲ್ಲಿ ತೊಯ್ಯುವ ನಮ್ಮ ಕೊಡಚಾದ್ರಿಯ ಮೂಕಾಂಬಿಕೆಯ ಗುಡಿಯೆದುರಿಗೆ ಹಳೆಯ ಕಬ್ಬಿಣದ ಧ್ವಜಸ್ತಂಭವೊಂದು ನಿಂತಿದೆ. ಇದ್ದಿಲಿನಲ್ಲಿ ಕರಗಿಸಿದ ಆ ಕಬ್ಬಿಣಗಳಲ್ಲಿ ಉಳಿದ ರಂಜಕವು ಮೈಮೇಲೆ ಒಂದು ತೆಳುವಾದ ರಕ್ಷಾಪದರವನ್ನು ಕಟ್ಟಲು ನೆರವಾಗುತ್ತದೆಂದು ಲೋಹಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಕಂಬದ ದಪ್ಪವೇ ಬೇರೆ, ಒಂದು ಮಿಲಿಮೀಟರಿಗೂ ಕಡಿಮೆಯ ದಪ್ಪಕ್ಕೆ ಉರುಳೆಯಲ್ಲಿ ಅರೆದ ಗಾಡಿಯ ತಗಡೇ ಬೇರೆ. ಕಂಬಕ್ಕೆ ಗೀರು ಬಿದ್ದಷ್ಟರಲ್ಲಿ ತಗಡಿಗೆ ತೂತು ಬಿದ್ದಿರುತ್ತದೆ.

ಎರಡನೆಯ ದಿನ ಫುಟ್‌ಬೋರ್ಡಿನ ಹೊರತಗಡನ್ನು ಗ್ರೈಂಡರಿನಿಂದ ಸೀಳಿ ಕೆಳಗಿಳಿಸಿದಾಗ ನಾನು ಪೆಟ್ಟಿಗೆಯನ್ನು ಬಿಟ್ಟು ಎದ್ದು ಹತ್ತಿರ ಹೋದೆನು. ಒಳಗೆ ಒಂದು ಹಿಡಿ ಎತ್ತರಕ್ಕೆ ಕಪ್ಪಾದ ಮಣ್ಣು ತುಂಬಿತ್ತು. ಅದನ್ನು ಕಡ್ಡಿಯಿಂದ ಕೆದಕಿದರೆ ಕೋಳಿಯ ಪುಕ್ಕ, ಭತ್ತದ ಹೊಟ್ಟು, ಯಾವ ಕಾಲದ್ದೋ ಒಂದು ರೂಪಾಯಿ ನಾಣ್ಯ, ಮತ್ತು ಹೊಗೆಸೊಪ್ಪಿನಂತೆ ಕಂದಿಹೋಗಿದ್ದ ಸೇವಂತಿಗೆಯ ಎಸಳುಗಳು. ಮುಟ್ಟಿದರೆ ಇನ್ನೂ ತೇವ. ಮಳೆ ನಿಂತು ಆರು ದಿನವಾಗಿತ್ತು. ಮೇಸ್ತ್ರಿಯವರು ತಗಡಿನ ಕೆಳ ಅಂಚಿನಲ್ಲಿ ಕಡಲೆಕಾಳಿನಷ್ಟು ಅಗಲದ ಮೂರು ರಂಧ್ರಗಳನ್ನು ತೋರಿಸಿದರು. ಒಳಹೊಕ್ಕ ನೀರು ಸೋರಿಹೋಗಲೆಂದು ಗಾಡಿಯನ್ನು ಮಾಡಿದವರೇ ಇಟ್ಟ ದಾರಿಗಳು ಅವು. ಮೂರೂ ಮುಚ್ಚಿದ್ದುವು, ಒಂದನ್ನು ಕೆಸರು ಮುಚ್ಚಿತ್ತು, ಎರಡನ್ನು ನಾನು ದುಡ್ಡು ಕೊಟ್ಟು ಮೆತ್ತಿಸಿದ ಪುಟ್ಟಿ ಮುಚ್ಚಿತ್ತು.

ಅಂದರೆ ತುಕ್ಕು ಹೊರಗಿನಿಂದ ಒಳಕ್ಕೆ ಬಂದುದಲ್ಲ. ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಸಂದುಗಳಲ್ಲಿ, ಗಾಳಿಯಾಡದ ಗೂಡುಗಳಲ್ಲಿ, ನೀರು ನಿಂತಲ್ಲಿ ಅದು ಹುಟ್ಟಿ, ವರ್ಷಾನುಗಟ್ಟಲೆ ಮರೆಯಲ್ಲಿ ಬೆಳೆದು, ಕೊನೆಗೆ ಬಣ್ಣದ ಮೇಲೆ ಬೊಬ್ಬೆಯಾಗಿ ಕಾಣಿಸಿಕೊಂಡಾಗ ನಾವು ಅದನ್ನು ಆರಂಭವೆಂದು ತಿಳಿಯುತ್ತೇವೆ. ನಮ್ಮ ಸೀಮೆಯ ಗಾಡಿಗಳಿಗೆ ಈ ವಿಷಯದಲ್ಲಿ ಸಮುದ್ರತೀರದ ಗಾಡಿಗಳಷ್ಟೇ ಕಷ್ಟವಿದೆಯೆಂದು ನನ್ನ ಅನುಮಾನ. ಉಪ್ಪುಗಾಳಿಯಿಲ್ಲದಿದ್ದರೇನು, ಯೂರಿಯಾ ಮತ್ತು ಪೊಟ್ಯಾಷಿನ ಚೀಲಗಳು ಸೋರುತ್ತವೆ. ಕೋಳಿಗೊಬ್ಬರದ ಅಮೋನಿಯ ಮತ್ತು ಲವಣಗಳು ನೆಲದ ತಗಡಿನ ಮೇಲೆ ಹನಿಯುತ್ತವೆ. ಹೂವು ಬಾಡದಿರಲೆಂದು ಮೂಟೆಗಳ ಮೇಲೆ ನೀರು ಚಿಮುಕಿಸುತ್ತೇವೆ. ಸಂಜೆ ಗೊಬ್ಬರದ ನಾತ ಹೋಗಲೆಂದು ಪೈಪು ಹಿಡಿದು ತೊಳೆಯುತ್ತೇವೆ. 1894ರಲ್ಲಿ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಬೆಂಗಳೂರಿನ ಬಾಯಾರಿಕೆಗೆಂದು ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ ನಮ್ಮ ಊರಿನದು. 2022ರ ದೊಡ್ಡ ಮಳೆಯಲ್ಲಿ ಬಹುಕಾಲದ ಮೇಲೆ ಅದು ತುಂಬಿದಾಗ ಊರಿಗೆ ಊರೇ ನೋಡಲು ಹೋಯಿತು, ನಾವೂ ಇದೇ ಗಾಡಿಯಲ್ಲಿ ಮೊಣಕಾಲೆತ್ತರದ ನೀರನ್ನು ಹಾದು ಹೋದೆವು. ಆ ದಿನದ ಸಂಭ್ರಮದ ಪಾಲೂ ಆ ಕಪ್ಪು ಮಣ್ಣಿನಲ್ಲಿ ಸೇರಿದ್ದೀತು.

ಇನ್ನು ಕೆಲಸದ ಕ್ರಮ. ತುಕ್ಕು ಕಂಡಷ್ಟನ್ನೇ ಕತ್ತರಿಸಿದರೆ ಸಾಲದು. ಅದರಿಂದಾಚೆಗೆ ಎರಡು ಬೆರಳಿನಷ್ಟು, ಗ್ರೈಂಡರ್ ತಾಗಿಸಿದೊಡನೆ ಬೆಳ್ಳಗೆ ಹೊಳೆಯುವ ಗಟ್ಟಿ ಲೋಹ ಸಿಕ್ಕುವವರೆಗೂ ಹೋಗಬೇಕು. ಪೀಣ್ಯದಿಂದ ತರಿಸಿದ 20 ಗೇಜಿನ ಸಿಆರ್ ಶೀಟು ಎಂಟಡಿ ಉದ್ದ, ನಾಲ್ಕಡಿ ಅಗಲ. ಅಂಥ ಒಂದು ಹಾಳೆ ಇಪ್ಪತ್ತೊಂದು ಕಿಲೋ ತೂಗುತ್ತದೆ. ಸತು ಲೇಪಿಸಿದ ಜಿಐ ಶೀಟು ಏಕೆ ಬೇಡವೆಂದು ಕೇಳಿದೆ. ಬೆಸೆಯುವಾಗ ಸತುವಿನ ಬಿಳಿಯ ಹೊಗೆ ಏಳುತ್ತದೆ, ಅದನ್ನು ಕುಡಿದ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ನೊರೆಯೇಳುತ್ತದೆ ಎಂದರು. ಹಳೆಯ ತುಂಡನ್ನು ರಟ್ಟಿನ ಮೇಲಿಟ್ಟು ಗೀಟೆಳೆದು ಮಾದರಿ ಕತ್ತರಿಸಿ, ರಟ್ಟಿನಿಂದ ಶೀಟಿಗೆ ಇಳಿಸಿ, ಕತ್ತರಿಯಲ್ಲಿ ಕತ್ತರಿಸಿ, ಮಡಿಕೆಗಳನ್ನು ಹಳಿಯ ತುಂಡೊಂದರ ಅಂಚಿನ ಮೇಲಿಟ್ಟು ಬಡಿದು ಎಬ್ಬಿಸಿದರು. ಚಕ್ರದ ಮೇಲಣ ಕಮಾನಿಗೆ ಅರ್ಧ ದಿನ ಹಿಡಿಯಿತು. ಕೆಳಗಿನಿಂದ ಡಾಲಿ ಎಂಬ ಉಕ್ಕಿನ ಗುಂಡನ್ನು ಒತ್ತಿ ಹಿಡಿದು, ಮೇಲಿನಿಂದ ಮಟ್ಟಸ ಮುಖದ ಸುತ್ತಿಗೆಯಿಂದ ಬಡಿಯುವಾಗ, ಬಲಗೈ ಬಡಿದ ಜಾಗಕ್ಕೆ ಸರಿಯಾಗಿ ಎಡಗೈಯ ಡಾಲಿ ಕಾಣದ ಕಡೆಯಲ್ಲಿ ತಾನಾಗಿ ಸರಿಯುತ್ತಿದ್ದುದನ್ನು ನೋಡಿದರೆ, ಮೃದಂಗದವನ ಎರಡು ಕೈಗಳಿಗಿರುವ ಒಳ ಒಪ್ಪಂದ ನೆನಪಾಗುತ್ತಿತ್ತು.

ಬೆಸೆಯುವುದರಲ್ಲಿಯೂ ಒಂದು ಸಂಯಮವಿದೆ. ತೆಳುವಾದ ತಗಡಿಗೆ ಒಂದೇ ಎಳೆತದಲ್ಲಿ ಬೆಸುಗೆ ಹಾಕಿಕೊಂಡು ಹೋದರೆ ಶಾಖಕ್ಕೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದುದರಿಂದ ಈ ತುದಿಯಲ್ಲಿ ಒಂದು ಚುಕ್ಕೆ, ಆ ತುದಿಯಲ್ಲಿ ಒಂದು, ನಡುವೆ ಒಂದು, ಒದ್ದೆ ಬಟ್ಟೆ ಒತ್ತಿ ತಣಿಸಿ ಮತ್ತೆ ಒಂದು, ಹೀಗೆ ಚುಕ್ಕೆಗಳನ್ನು ಇಟ್ಟು, ರಂಗೋಲಿಯ ಗೆರೆಯಂತೆ ಕೊನೆಗೆ ಅವನ್ನು ಕೂಡಿಸಬೇಕು. ಅವರ ಶಿಷ್ಯನೊಬ್ಬ ಹುಡುಗ ಬೇಗ ಮುಗಿಸುವ ಆತುರದಲ್ಲಿ ಒಂದು ಗೇಣು ಉದ್ದ ಒಮ್ಮೆಗೇ ಎಳೆದ. ಮೇಸ್ತ್ರಿಯವರು ಬೈಯಲಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆದು ಅವನ ಕೈಗೇ ಕೊಟ್ಟು, ಇನ್ನೊಂದು ತುಂಡು ಮಾಡಿಕೊಂಡು ಬಾ ಎಂದರು. ಒಟ್ಟು ಒಂದೂವರೆ ಶೀಟು ಖರ್ಚಾಯಿತು. ಕತ್ತರಿಸಿ ತೆಗೆದುದನ್ನೆಲ್ಲ ಗುಜರಿಯವನು ತಕ್ಕಡಿಗೆ ಹಾಕಿದಾಗ ಹನ್ನೊಂದು ಕಿಲೋ ಆಯಿತು. ಅದರಲ್ಲಿ ಪುಟ್ಟಿಯ ತೂಕವೆಷ್ಟೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟನ್ನು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಆ ಒಂಬತ್ತು ದಿನಗಳಲ್ಲಿ ದಾರಿಹೋಕರಾದ ಪರಿಚಿತರು ಹತ್ತು ಜನರಾದರೂ ನಿಂತು, "ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಬಾರದೆ, ಸರ್ಕಾರವೇ ಹೇಳಿದೆಯಲ್ಲ" ಎಂದು ಬುದ್ಧಿವಾದವಿತ್ತು ಹೋದರು. ಸರ್ಕಾರ ಹೇಳಿರುವುದು ನಿಜವಾಗಿ ಏನು? 2021ರ ಆಗಸ್ಟ್ 13ರಂದು ಪ್ರಧಾನಮಂತ್ರಿಗಳು ಘೋಷಿಸಿದ ವಾಹನ ಗುಜರಿ ನೀತಿಯ ತಾತ್ಪರ್ಯವನ್ನು ನೋಡಿದರೆ, ಖಾಸಗಿಯವರ ಸಾರಿಗೆ ವಾಹನವು ವಯಸ್ಸಾಯಿತೆಂದು ಅಲ್ಲ, ಪರೀಕ್ಷೆಯಲ್ಲಿ ಅನರ್ಹವೆನಿಸಿದರೆ ಮಾತ್ರ ರಸ್ತೆಯನ್ನು ಬಿಡಬೇಕು. ಇದು ನ್ಯಾಯವಾದ ಮಾತು. ಆದರೆ ಅದೇ ವರ್ಷದ ಅಕ್ಟೋಬರಿನ ಅಧಿಸೂಚನೆಯು, 15 ವರ್ಷ ಮೀರಿದ ಲಘು ಸಾರಿಗೆ ವಾಹನದ ಅರ್ಹತಾ ಪತ್ರದ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 7,500 ರೂಪಾಯಿಗೆ ಏರಿಸಿತು. ಎಂಟು ವರ್ಷ ಕಳೆದ ಸಾರಿಗೆ ವಾಹನ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕಾದುದರಿಂದ ಈ ದಂಡವೂ ಪ್ರತಿ ವರ್ಷದ್ದೇ. ಪರೀಕ್ಷಿಸುವ ಶ್ರಮವು ಹದಿನಾಲ್ಕು ವರ್ಷದ ಗಾಡಿಗೂ ಹದಿನಾರರ ಗಾಡಿಗೂ ಒಂದೇ ಆಗಿರುವಾಗ, ಶುಲ್ಕದ ಈ ಜಿಗಿತಕ್ಕೆ ಇರುವ ಅರ್ಥವೊಂದೇ: ಗಾಡಿಯ ಸ್ಥಿತಿಯನ್ನು ಕೇಳದೆ ಅದರ ವಯಸ್ಸಿಗೇ ಸುಂಕ ಹಾಕುವುದು.

ಇದರ ಫಲವನ್ನು ನಮ್ಮ ಹಾದಿಯ ಯಾವ ಟಿಂಕರಿಂಗ್ ಅಂಗಡಿಯಲ್ಲಿಯಾದರೂ ನೋಡಬಹುದು. ಪತ್ರಕ್ಕೇ ಇಷ್ಟು ತೆತ್ತ ರೈತನು ತಗಡಿಗೆ ತೆರಲಾರನು. ತಗಡಿನ ಬದಲು ಪುಟ್ಟಿ ಮೆತ್ತಿಸುತ್ತಾನೆ. ನೆಲಮಂಗಲದಲ್ಲಿರುವಂಥ ಯಂತ್ರಚಾಲಿತ ಪರೀಕ್ಷಾ ಕೇಂದ್ರಗಳನ್ನು ನಾನು ಸ್ವಾಗತಿಸುವವನೇ. ಅಲ್ಲಿನ ಉರುಳೆಗಳು ಬ್ರೇಕಿನ ಬಲವನ್ನು ಅಳೆಯುತ್ತವೆ, ಉಪಕರಣಗಳು ಹೊಗೆಯನ್ನು ಅಳೆಯುತ್ತವೆ, ಅವಕ್ಕೆ ಮುಖದಾಕ್ಷಿಣ್ಯವಿಲ್ಲ. ಆದರೆ ತುಕ್ಕನ್ನು ಅಳೆಯುವ ಉರುಳೆಯಿಲ್ಲ. ಅದು ಕಣ್ಣಿಗೂ ಕೈಗೂ ಬಿಟ್ಟ ಕೆಲಸ, ಮತ್ತು ಕಣ್ಣು ಬಣ್ಣವನ್ನು ನಂಬುತ್ತದೆ.

ಇಂಗ್ಲೆಂಡಿನಲ್ಲಿ ಎಂಓಟಿ ಎಂದು ಕರೆಯುವ ವಾರ್ಷಿಕ ಪರೀಕ್ಷೆಯೊಂದಿದೆ. ಮಳೆಯೂ, ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪೂ ಸೇರಿ ತುಕ್ಕಿಗೆ ಸ್ವರ್ಗವೆನಿಸಿದ ಆ ದೇಶದವರು ಈ ವಿಷಯವನ್ನು ಬಹಳ ಯೋಚಿಸಿದ್ದಾರೆ. ಸ್ಟಿಯರಿಂಗು, ಬ್ರೇಕು, ಸಸ್ಪೆನ್ಷನ್ನು, ಸೀಟಿನ ಬೆಲ್ಟು ಇವು ದೇಹಕ್ಕೆ ಕೂಡುವ ಸ್ಥಾನಗಳಿಂದ 30 ಸೆಂಟಿಮೀಟರಿನೊಳಗೆ ಕಬ್ಬಿಣವು ತುಕ್ಕಿನಿಂದ ತೀರ ದುರ್ಬಲವಾಗಿದ್ದರೆ ಗಾಡಿ ನಪಾಸಾಗುತ್ತದೆ. ಅದರಾಚೆಗಿನ ತಗಡಿಗೆ ತುಕ್ಕು ಬಿದ್ದರೆ, ಯಾರಿಗೂ ಗೀರದಂತಿದ್ದರೆ, ಅದು ಒಡೆಯನ ಅಂದಚೆಂದದ ವಿಷಯ. ಪರೀಕ್ಷಕನ ಕೈಯಲ್ಲಿ ಒಂದು ಪುಟ್ಟ ಸುತ್ತಿಗೆಯಂಥ ಉಪಕರಣವಿರುತ್ತದೆ. ತಟ್ಟಿ ನೋಡುತ್ತಾನೆ, ಒತ್ತಿ ನೋಡುತ್ತಾನೆ. ಆ ಭಾಗಗಳಲ್ಲಿ ಪುಟ್ಟಿಯ ರಿಪೇರಿಯನ್ನು ಒಪ್ಪುವುದಿಲ್ಲ, ಬೆಸೆದ ಲೋಹವನ್ನು ಒಪ್ಪುತ್ತಾನೆ. ಚರ್ಮ ಯಾವುದು, ಎಲುಬು ಯಾವುದು ಎಂಬ ವಿವೇಕವನ್ನು ಶಾಸನದಲ್ಲಿಯೇ ಬರೆದಿಟ್ಟಿರುವ ಈ ಕ್ರಮವನ್ನು ಕೇಳಿದಾಗ ನಮ್ಮ ಮೇಸ್ತ್ರಿಯವರು ಅಚ್ಚರಿಪಡಲಿಲ್ಲ. ಛಾಸಿಯ ಮೇಲೆ ತುಕ್ಕು ಕಂಡ ಗಾಡಿಗಳನ್ನು ಅವರು ಕೈಗೆತ್ತಿಕೊಳ್ಳದೆ ಹಿಂದಕ್ಕೆ ಕಳುಹಿಸುವುದನ್ನು ಆ ಒಂಬತ್ತು ದಿನಗಳಲ್ಲಿ ನಾನೇ ಎರಡು ಸಲ ಕಂಡೆನು.

ಪರದೇಶದ ಉದಾಹರಣೆ ಬೇಡವೆನ್ನುವವರು ನಮ್ಮ ಕೆಎಸ್‌ಆರ್‌ಟಿಸಿಯನ್ನು ನೋಡಬಹುದು. ಈಚಿನ ವರ್ಷಗಳಲ್ಲಿ ಕೆಂಗೇರಿ ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ನಿಗಮದ ಕೆಲಸಗಾರರು ಲಕ್ಷಾಂತರ ಕಿಲೋಮೀಟರು ಓಡಿದ ನೂರಾರು ಬಸ್ಸುಗಳ ಹೊದಿಕೆಯನ್ನು ಕಿತ್ತು, ತುಕ್ಕು ತಿಂದ ಕಂಬಪಟ್ಟಿಗಳನ್ನು ಬದಲಿಸಿ, ಹೊಸ ತಗಡು ಹೊದಿಸಿ, ಹೊಸ ಬಸ್ಸಿನ ಬೆಲೆಯ ಅಲ್ಪಾಂಶದಲ್ಲಿ ಮತ್ತೆ ರಸ್ತೆಗೆ ಬಿಟ್ಟಿದ್ದಾರೆ. ಸರ್ಕಾರದ ಸಂಸ್ಥೆಯೇ ತನ್ನ ಕಮ್ಮಟದಲ್ಲಿ ಮಾಡಿ ಹೆಮ್ಮೆಪಡುವ ಕೆಲಸವನ್ನು ಹೆಸರಘಟ್ಟದ ಹೂವಿನವನು ಮಾಡಿಸಿದರೆ ಅದು ಜಿಪುಣತನವೆನಿಸುವುದು ಹೇಗೆ? ತಮಾಷೆಯೆಂದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಸರ್ಕಾರಿ ವಾಹನಗಳೂ ಸಾರಿಗೆ ನಿಗಮಗಳ ಬಸ್ಸುಗಳೂ 15 ವರ್ಷ ತುಂಬಿದೊಡನೆ, ಯಾವ ಪರೀಕ್ಷೆಯೂ ಇಲ್ಲದೆ, ಗುಜರಿಗೆ ಹೋಗತಕ್ಕದ್ದು. ಹೊಸ ತಗಡಿನ ಬಸ್ಸಿಗೂ ಆ ದಿನ ಬಂದೇ ಬರುತ್ತದೆ.

ಎದುರು ವಾದವೊಂದಿದೆ, ಅದು ಹೊಗೆಯದು, ಮತ್ತು ಬಲವಾದುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಎಂಜಿನ್ನಿನ ಹೊಗೆಯೆದುರು ನಮ್ಮ ಗಾಡಿಯದು ಎಷ್ಟೋ ಪಾಲು ಕೊಳಕಾದುದು, ತಗಡು ಬದಲಿಸಿದ ಮಾತ್ರಕ್ಕೆ ಆ ಕೊಳಕು ಹೋಗುವುದಿಲ್ಲ. ನಗರದೊಳಗೆ ದಿನವೆಲ್ಲ ಸುತ್ತುವ ಗಾಡಿಯ ವಿಷಯದಲ್ಲಿ ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ದಿನಕ್ಕೆ ನಲವತ್ತು ಕಿಲೋಮೀಟರು ಓಡಿ ಉಳಿದ ಹೊತ್ತು ತೋಟದಲ್ಲಿ ನಿಲ್ಲುವ ಗಾಡಿಯ ಲೆಕ್ಕದಲ್ಲಿ, ಹೊಸ ಗಾಡಿಗೆ ಬೇಕಾದ ಉಕ್ಕಿನ ಹೊಗೆಯನ್ನೂ ಸೇರಿಸಬೇಕು. ಜಗತ್ತಿನ ಸರಾಸರಿಯಂತೆ ಒಂದು ಟನ್ನು ಉಕ್ಕಿನ ಹಿಂದೆ ಸುಮಾರು ಎರಡು ಟನ್ನು ಇಂಗಾಲದ ಡೈಆಕ್ಸೈಡು ಆಕಾಶಕ್ಕೆ ಹೋಗಿರುತ್ತದೆ. ಹೊಗೆಗೆ ಹೊಗೆಯ ಪರೀಕ್ಷೆಯಿರಲಿ, ಅದರಲ್ಲಿ ನಪಾಸಾದ ಗಾಡಿ ನಿಲ್ಲಲಿ. ಕಬ್ಬಿಣಕ್ಕೆ ಕಬ್ಬಿಣದ ಪರೀಕ್ಷೆಯಿರಲಿ. ಪರೀಕ್ಷಕನ ಕೈಗೆ ಒಂದು ಸುತ್ತಿಗೆಯನ್ನೂ ಒಂದು ಅಯಸ್ಕಾಂತವನ್ನೂ ಕೊಡಲಿ. ಪುಟ್ಟಿಯ ಮೇಲೆ ಅಯಸ್ಕಾಂತ ನಿಲ್ಲದು, ಐವತ್ತು ರೂಪಾಯಿಯ ಉಪಕರಣ ಅದು. ಕತ್ತರಿಸಿ ಬೆಸೆದು ಮಾಡಿಸಿದ ರಿಪೇರಿಯನ್ನು, ಬಣ್ಣ ಬಳಿಯುವ ಮುನ್ನವೇ ತೋರಿಸಿ ದಾಖಲೆ ಮಾಡಿಸಿಕೊಂಡವನಿಗೆ ಆ ವರ್ಷದ ಶುಲ್ಕದಲ್ಲಿ ರಿಯಾಯಿತಿ ಕೊಡಲಿ. ಗುಜರಿಗೆ ಹಾಕಿ ಹೊಸ ಸಾರಿಗೆ ವಾಹನ ಕೊಂಡವನಿಗೆ ಮೋಟಾರು ತೆರಿಗೆಯಲ್ಲಿ ಶೇಕಡಾ 15ರವರೆಗೆ ವಿನಾಯಿತಿಗೆ ಅವಕಾಶವಿರುವಾಗ, ದುರಸ್ತಿ ಮಾಡಿಸಿದವನಿಗೆ ಏನೂ ಇಲ್ಲವೆಂಬುದು ಸರಿಯಾದ ತೂಕವಲ್ಲ.

ನಮ್ಮ ಅಜ್ಜನ ಕಾಲದ ಎತ್ತಿನ ಗಾಡಿಗೆ ವಯಸ್ಸೆಷ್ಟೆಂದು ಯಾರೂ ಕೇಳಿದುದನ್ನು ನಾನು ಕಾಣೆ. ಮೂಕಿ ಬಿರುಕು ಬಿಟ್ಟಿತೆಂದು ಮೂಕಿ ಬದಲಾಯಿತು, ನೊಗ ಬದಲಾಯಿತು, ಅರೆಕಾಲುಗಳು ಒಂದೊಂದಾಗಿ ಬದಲಾದುವು. ಹಳಿ ಸಡಿಲವಾದಾಗ ಕಮ್ಮಾರರು ಬೆರಣಿಯ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರು ಸುರಿದು ಬಿಗಿಸುತ್ತಿದ್ದರು, ಆ ಹೊಗೆಯಲ್ಲಿ ಮಕ್ಕಳಾದ ನಾವು ಕೆಮ್ಮುತ್ತ ನಿಲ್ಲುತ್ತಿದ್ದೆವು. ಆ ಕಮ್ಮಾರಸಾಲೆ ಇದ್ದ ಜಾಗದಲ್ಲಿ ಈಗ ಮೊಬೈಲು ಅಂಗಡಿಯಿದೆ. ಟಿಂಕರಿಂಗಿನವರಿಗೂ ಅದೇ ಗತಿ ಬರುವಂತಿದೆ. ಐಟಿಐಗಳಲ್ಲಿ ಮೋಟಾರು ಬಾಡಿ ರಿಪೇರಿಯ ತರಬೇತಿ ಇದೆಯಾದರೂ, ನಮ್ಮ ಮೇಸ್ತ್ರಿಯವರ ಅಂಗಡಿಗೆ ಕಲಿಯಲೆಂದು ಬಂದ ಹುಡುಗರಲ್ಲಿ ಮೂವರು ಪುಟ್ಟಿ ಕಲಸುವುದನ್ನು ಕಲಿತೊಡನೆ ಹೊರಟುಹೋದರಂತೆ. ಪುಟ್ಟಿಯಲ್ಲಿ ಸಂಪಾದನೆ ಹೆಚ್ಚು, ಕೈ ಸುಡುವುದಿಲ್ಲ.

ಉಳಿದಿರುವವನು ಆ ಗೇಣುದ್ದದ ಬೆಸುಗೆಯನ್ನು ಮತ್ತೆ ಮಾಡಿದ ಹುಡುಗ. ಒಂಬತ್ತನೆಯ ದಿನ ಬಣ್ಣ ಒಣಗುವುದನ್ನು ಕಾಯುತ್ತಿದ್ದಾಗ, ಹೊಸ ಫುಟ್‌ಬೋರ್ಡಿನ ಒಳಕ್ಕೆ ಹಳೆಯ ಎಂಜಿನ್ ಆಯಿಲನ್ನು ಪಂಪಿನಿಂದ ಹೊಡೆದು ಮುಗಿಸಿ, ಅಡಿಯಲ್ಲಿ ಮಲಗಿ, ನೀರು ಸೋರುವ ಮೂರು ರಂಧ್ರಗಳಲ್ಲಿಯೂ ಎಣ್ಣೆ ತೊಟ್ಟಿಕ್ಕುವುದೆ ಎಂದು ಬೆರಳೊಡ್ಡಿ ನೋಡಿದವನು ಅವನೇ. ಮೇಲೆದ್ದು ಪೊರಕೆಯಿಂದ ಒಂದು ತೆಂಗಿನ ಕಡ್ಡಿಯನ್ನು ಎಳೆದು ನನ್ನ ಕೈಗಿತ್ತು, "ಅಮಾಸೆ ಅಮಾಸೆಗೆ ನಿಂಬೆಹಣ್ಣು ಕಟ್ತೀರಲ್ಲ ತಾತ, ಅವತ್ತೇ ಇದನ್ನೂ ಒಂದ್ಸಲ ಮೂರು ತೂತಕ್ಕೂ ಆಡಿಸ್ಬಿಡಿ" ಎಂದನು. ಆ ಕಡ್ಡಿ ಈಗ ಗಾಡಿಯ ಮುಂಭಾಗದಲ್ಲಿ, ಕಾಗದಪತ್ರಗಳನ್ನಿಡುವ ಗೂಡಿನೊಳಗೆ, ಎಫ್‌ಸಿಯ ಪ್ಲಾಸ್ಟಿಕ್ ಚೀಲದ ಜೊತೆಯಲ್ಲಿದೆ.